ಶುಕ್ರವಾರದ ಗುಳಿಗೆ

ಮಂಡಕ್ಕಿ ಭಟ್ಟಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟೆ.
ನೆಲ ಸುಟ್ಟಿತು, ಮತ್ತೆ ಮೆಟ್ಟಿಕೊಂಡೆ.
ಜಂತಿಗೆ ಕಟ್ಟಿದ ಜೋಲಿಯಲ್ಲಿ ನಾಲ್ಕು ತಿಂಗಳದ್ದು,
ಎರಡು ವರ್ಷದ್ದು ಹೊಟ್ಟಿನ ಗುಡ್ಡೆ ಹತ್ತಿ ಜಾರುತ್ತಿದೆ.
"ಜರಡಿ ಬಿಡಂಗಿಲ್ಲ ಹಾಲಮ್ಮಕ್ಕ, ನೀ ಹೇಳ್ತಾ ಹೋಗು,
ಕಿವಿ ಎರಡೂ ಖಾಲಿ ಅದಾವೆ," ಅಂದಳು ಮುಬೀನಾ.

ಅಕ್ಕಿಮೂಟೆಯ ಮೇಲೆ ನನ್ನ ಚೀಲ ಬಿಚ್ಚಿದೆ.

ಕಾಪರ್-ಟಿಯನ್ನು ಬೆಳಕಿಗೆ ಹಿಡಿದಳು:
"ಮೀನಿನ ಗಾಳ ಇದ್ದಂಗೈತೆ, ಯಾರನ್ನ ಹಿಡಿಯಾಕೆ?"
ಹತ್ತು ವರ್ಷ ಬರುತ್ತದೆ ಎಂದೆ.
"ನಮ್ಮ ತಗಡೇ ಹತ್ತು ವರ್ಷ ಬರಲಿಲ್ಲ,"
ಸೂರಿನ ತೂತಿನತ್ತ ಗಲ್ಲ ಎತ್ತಿದಳು.
ಮೊದಮೊದಲು ಮುಟ್ಟು ಜಾಸ್ತಿ ಹೋಗಬಹುದು ಎಂದಾಗ
ಗಾಳವನ್ನು ಮೆಲ್ಲಗೆ ಕೆಳಗಿಟ್ಟಳು.
"ಮುಟ್ಟು ನಿಲ್ಲೋತನ ನಮಾಜಿಲ್ಲ ಅಕ್ಕ.
ಮೊದಲೇ ನನಗೆ ಅಲ್ಲಾನ ಹತ್ರ ಮಾತಾಡಾಕೆ
ಪುರುಸೊತ್ತು ಕಮ್ಮಿ."

ತರಬೇತಿಯಲ್ಲಿ ಕೊಟ್ಟ ಪುಸ್ತಕದಲ್ಲಿ
ಈ ಮಾತಿಗೆ ಪುಟವಿಲ್ಲ.

ಮೂರು ತಿಂಗಳಿಗೊಂದು ಸೂಜಿ ಇದೆ,
ಅದಕ್ಕೂ ಒಮ್ಮೊಮ್ಮೆ ಕಲೆ ಕಾಣುತ್ತದೆ, ಒಮ್ಮೊಮ್ಮೆ ಮುಟ್ಟೇ ಮಾಯ.
ದಿನಾ ನುಂಗುವ ಮಾತ್ರೆ ಈಗಲೇ ಬೇಡ, ಕೂಸಿಗಿನ್ನೂ ಎದೆಹಾಲು.
ನಿರೋಧದ ಪಟ್ಟಿ ಕಂಡು ಸೆರಗಲ್ಲಿ ನಕ್ಕಳು:
"ಅದು ಅವರ ಸಾಮಾನು, ಅವರನ್ನೇ ಕೇಳು."

ಒಲೆಯಾಚೆ ದಾದಾಪೀರ್ ಕಾದ ಮರಳಲ್ಲಿ ಅಕ್ಕಿ ಹೊರಳಿಸುತ್ತಿದ್ದ,
ಏನೂ ಕೇಳಿಸದವನ ಹಾಗೆ.
ಆದರೆ ಒಂದು ಬಾಣಲೆ ಕರಕಲಾಯಿತು,
ಹನ್ನೆರಡು ವರ್ಷ ಪಳಗಿದ ಕೈಯದು.
ಹೊಗೆಯೊಳಗಿಂದಲೇ ಕೇಳಿದ:
"ಗಂಡಸ್ರು ಮಾಡಿಸ್ಕಂಡ್ರೆ ಮೂಟೆ ಎತ್ತಾಕಾಗ್ತದಾ?"
ವಾರ ಬಿಟ್ಟು ಎತ್ತಬಹುದು.
"ನೋಡಾನ."
ಈ ಊರಲ್ಲಿ ನನಗೆ ಸಿಕ್ಕ ನೋಡಾನಗಳನ್ನು ಬರೆದಿಟ್ಟಿದ್ದರೆ
ಒಂದು ರಿಜಿಸ್ಟರು ತುಂಬುತ್ತಿತ್ತು.

ಕೊನೆಗೆ ಉಳಿದದ್ದು ಛಾಯಾ.
"ಛಾಯಾ ಅಂದ್ರೆ ನೆಳ್ಳು ಅಲ್ವಾ? ಭಟ್ಟಿಗೆ ಬಂದ ಮೊದಲ ನೆಳ್ಳು."
ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು,
ಮುಟ್ಟು ತಡವಾದೀತು, ಗಾಬರಿಯಾಗಬೇಡ, ನನಗೆ ಹೇಳು.
ಬೆರಳು ಮಡಚಿದಳು:
ಶುಕ್ರವಾರ ಭಟ್ಟಿ ಆರಿರ್ತದೆ, ಅವತ್ತೊಂದು.
ಸೋಮವಾರ ಸಂಘದ ಕಂತು, ಅವತ್ತೊಂದು.
"ನಾ ಮರೆತ್ರೂ ಸಂಘದೋರು ಮರೆಯಲ್ಲ,
ಬಾಗಿಲಿಗೇ ಬಂದು ನಿಲ್ತಾರೆ."

ಆಮೇಲೆ, ಜರಡಿ ಅಲ್ಲಾಡಿಸುತ್ತಲೇ,
"ನೀ ಯಾವುದು ತಗಂಡಿದ್ದೆ ಅಕ್ಕ?"

ಜಗಳೂರಿನ ಕಡೆ ಒಂದು ಶಾಲೆ. ಬೆಂಚು ಗೋಡೆಗೆ ಒತ್ತಿ
ನೆಲಕ್ಕೆ ಜಮಖಾನ ಹಾಸಿದ್ದರು.
ಹಲಗೆಯ ಮೇಲೆ ಹಿಂದಿನ ದಿನದ ಹಾಜರಿ ಅಳಿಸಿರಲಿಲ್ಲ,
ಗಂಡು ಹತ್ತೊಂಬತ್ತು, ಹೆಣ್ಣು ಹದಿನಾಲ್ಕು.
ನನ್ನ ತೋಳಿನ ಅಂಟುಪಟ್ಟಿಯಲ್ಲಿ ಹದಿನೇಳು.
ಹೆಸರು ಕೇಳಿದರು, ಗಂಡನ ಹೆಸರು ಕೇಳಿದರು,
ಬೆಳಿಗ್ಗೆ ಏನಾದರೂ ತಿಂದೆಯಾ ಎಂದು ಕೇಳಿದರು.
ನನಗಾಗ ಇಪ್ಪತ್ತಮೂರು. ಎರಡು ಮಕ್ಕಳು ಸಾಕೆಂದು ನನಗೂ ಇತ್ತು.
ಕೇಳಿದ್ದರೆ ಅದನ್ನೇ ಅನ್ನುತ್ತಿದ್ದೆನೇನೋ.
ಎತ್ತಿನಗಾಡಿಯಲ್ಲಿ ಮಲಗಿಸಿ ಕರೆತಂದರು,
ಪ್ರತಿ ಹಳ್ಳದಲ್ಲೂ ಅತ್ತೆ ನನ್ನ ಹೊಟ್ಟೆಯ ಮೇಲೆ ಕೈ ಇಟ್ಟಿದ್ದಳು.

ಇಷ್ಟನ್ನೂ ಹೇಳಲಿಲ್ಲ.
"ನನಗೆ ಆಪರೇಷನ್ ಆತು," ಎಂದೆ.

ಜರಡಿ ನಿಂತಿತು.
"ಮಾಡಿಸ್ಕಂಡೆ ಅನ್ನಲ್ಲ, ಆತು ಅಂತೀಯಲ್ಲ ಅಕ್ಕ,
ಮಳೆ ಆತು, ಹೊತ್ತಾತು ಅಂದಂಗೆ."

ನಾನು ರಿಜಿಸ್ಟರು ತೆಗೆದೆ. ಪೆನ್ನು ಬರೆಯಲಿಲ್ಲ, ಕೊಡವಿದೆ.
ಎಷ್ಟು ಪಟ್ಟಿ ಕೊಡಲಿ?
"ಎರಡು... ಬ್ಯಾಡ, ಒಂದು ಕೊಡು.
ಒಗ್ಗದಿದ್ರೆ ಬದಲಿಸ್ತೀನಿ," ಅಂದಳು,
ಅಳತೆ ಸರಿಯಿಲ್ಲದ ಬಳೆಯನ್ನು
ಅಂಗಡಿಯವನ ಮುಂದೆ ತಿರುಗಿಸಿಡುವವಳಷ್ಟು ಸಲೀಸಾಗಿ.